ಬೈಬಿಚೆಯ ಪಂಜರದ ಗಿಡಗಳು

ತೂ-ಬೆಲ್ ಹವಾಮಾನ ನಿಲ್ದಾಣ
ಸೆಪ್ಟೆಂಬರ್ ೧೮

ಬುರುಲ್ ಅಪಾ,

ಹೀಗೆ ಕರೆಯಬಹುದೇ ಎಂದು ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಸೊಸೆಯಾಗಿ ನಿಮ್ಮ ಮನೆಗೆ ಬಂದ ದಿನ, "ಅಮ್ಮಂಗೆ ಹೇಗೆ ಅಪಾ ಅಂತೀಯೋ ನನಗೂ ಹಾಗೇ ಅನ್ನು" ಎಂದು ಹೇಳಿಕೊಟ್ಟವರು ನೀವು. ಏಪ್ರಿಲ್‌ನಲ್ಲಿ ನಾನೂ ನಿಮ್ಮ ಮಗನೂ ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿದ ಮೇಲೆ ಆ ಮಾತು ರದ್ದಾಯಿತೋ ಇಲ್ಲವೋ ಯಾರೂ ಹೇಳಲಿಲ್ಲ. ಬೇರೆ ಯಾವ ಹೆಸರೂ ಬಾಯಿಗೆ ಬರುವುದಿಲ್ಲವಾದ್ದರಿಂದ ಹಾಗೆಯೇ ಬರೆದಿದ್ದೇನೆ.

ನಾನು ಸುಖವಾಗಿ ತಲುಪಿದೆ. ಇಲ್ಲಿ ಫೋನ್ ನಡೆಯುವುದಿಲ್ಲ. ಇರುವ ಒಂದು ರೇಡಿಯೋ ಗಾಳಿ, ಹಿಮ, ಚಳಿಯ ಲೆಕ್ಕ ಕಳಿಸುವುದಕ್ಕೆ. ಕಾಗದಗಳನ್ನು ತರುವವನು ಕುಬಾತ್; ಬಿಷ್ಕೆಕ್‌ನಿಂದ ನಮಗೆ ಡೀಸೆಲ್, ಹಿಟ್ಟು, ಆಲೂಗಡ್ಡೆ ಹೊತ್ತು ತರುವ ಲಾರಿ ಅವನದು. ಕಣಿವೆಯ ದಾರಿ ತೆರೆದಿರುವಷ್ಟು ಕಾಲ ಬರುತ್ತಾನೆ.

ಬೇರೆ ಯಾರೂ ಒಪ್ಪದ ನನ್ನ ಬೈಬಿಚೆಯನ್ನು ನೀವು ಇಟ್ಟುಕೊಂಡಿರಿ. ಅಣ್ಣನ ಮನೆಯಲ್ಲಿ ಎರಡು ಬೆಕ್ಕುಗಳಿವೆ. ಗೆಳತಿಯರನ್ನು ಕೇಳಿದರೆ "ಊಸರವಳ್ಳಿನಾ?" ಎಂದು ನಕ್ಕರು. ನೀವು ಮಾತ್ರ "ಅದು ಏನ್ ತಿನ್ನತ್ತೆ?" ಎಂದಿರಿ, ಅಷ್ಟೇ. ಆಮೇಲೆ ನಾವಿಬ್ಬರು ಇದ್ದ ಆ ಕೋಣೆಯ ಬಾಗಿಲು ತೆಗೆದು, ಪಂಜರವನ್ನು ಕಿಟಕಿಯ ಪಕ್ಕ ಇಡಿಸಿದಿರಿ.

ಹೊರಡುವ ಗಡಿಬಿಡಿಯಲ್ಲಿ ಅವಳ ಊಟದ ಮಿಡತೆಗಳ ವಿಷಯ ಹೇಳಿದೆ, ಗಿಡಗಳ ವಿಷಯ ಹೇಳಲೇ ಇಲ್ಲ. ಪಂಜರದ ಒಳಗಿರುವ ಗಿಡಗಳು ಅಂದಕ್ಕೆ ಇಟ್ಟವಲ್ಲ. ಅವಳು ಬಟ್ಟಲಿನಿಂದ ನೀರು ಕುಡಿಯುವುದಿಲ್ಲ, ಎಲೆಯ ಮೇಲೆ ನಿಂತ ಹನಿಯನ್ನು ನೆಕ್ಕುತ್ತಾಳೆ. ಹೆದರಿದರೆ ಎಲೆಯ ಹಿಂದೆ ಅವಿತುಕೊಳ್ಳುತ್ತಾಳೆ. ಮನಸ್ಸು ಬಂದರೆ ಎಲೆಯನ್ನೇ ತಿನ್ನುತ್ತಾಳೆ, ಆದ್ದರಿಂದ ಗೊಬ್ಬರ, ಔಷಧಿ ಏನನ್ನೂ ಹಾಕಬೇಡಿ. ಬಿಸಿ ದೀಪದ ತೀರಾ ಕೆಳಗೆ ಕೊಂಬೆ ಬೆಳೆದರೆ ಎಲೆ ಸುಡುತ್ತದೆ, ಕತ್ತರಿಸಿ. ಉದ್ದನೆಯ ಟ್ಯೂಬು ಅವಳ ಎಲುಬು ಗಟ್ಟಿಯಾಗಲು. ಮೂರನೆಯ ಬಿಳಿ ದೀಪ ಗಿಡಗಳಿಗೆ. ಕರೆಂಟು ಉಳಿಸಲೆಂದು ಅದನ್ನು ಆರಿಸಬೇಡಿ.

ನಿಮಗೆ ತೊಂದರೆ ಕೊಟ್ಟೆ.

ಜಿಪಾರ್


ಬಿಷ್ಕೆಕ್
ಅಕ್ಟೋಬರ್ ೯

ಜಿಪಾರ್,

ನಿನ್ನ ಕಾಗದ ಬಂತು. ಕುಬಾತ್ ನಾಲ್ಕು ಮಹಡಿ ಹತ್ತಿ ಬಂದು ಕೊಟ್ಟ. ಚಹಾ ಕುಡಿ ಅಂದೆ, ಕುಡಿದ. ಬೊರ್ಸೊಕ್ ತಿನ್ನು ಅಂದೆ, ಕರಿದದ್ದೆಲ್ಲ ಖಾಲಿ ಮಾಡಿದ. ಒಳ್ಳೆಯವನು.

ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು. ಆ ಪ್ರಾಣಿಗೆ ಬೈಬಿಚೆ ಎಂದು ಯಾಕೆ ಹೆಸರಿಟ್ಟೆ? ಈ ಮನೆಗೆ ಬೈಬಿಚೆ, ಯಜಮಾನಿ, ನಾನೊಬ್ಬಳೇ ಎಂದುಕೊಂಡಿದ್ದೆ. ಈಗ ನಾನು ಬಾಗಿಲು ತೆಗೆದರೆ ಅವಳು ಒಂದು ಕಣ್ಣನ್ನು ನನ್ನ ಕಡೆ, ಇನ್ನೊಂದನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಲೇಟಾಗಿ ಬಂದ ಕೆಲಸದವಳನ್ನು ನೋಡುವ ಹಾಗೆ ನೋಡುತ್ತಾಳೆ. ನಾನು ಟ್ರಾಲಿಬಸ್ ಓಡಿಸುತ್ತಿದ್ದ ಕಾಲದಲ್ಲಿ ನಮ್ಮ ಡಿಪೋ ಮೇಲ್ವಿಚಾರಕಿ ಹೀಗೇ ನೋಡುತ್ತಿದ್ದಳು.

ಬಿಳಿ ದೀಪ ಆರಿಸುತ್ತೇನೆಂದು ನಿನಗೆ ಹೇಗೆ ಗೊತ್ತಾಯಿತು? ಆರಿಸಿದ್ದೆ. ನಿನ್ನ ಕಾಗದ ಓದಿದ ಕೂಡಲೇ ಹೋಗಿ ಹಾಕಿದೆ.

ಈಗ ಕೆಟ್ಟ ಸುದ್ದಿ. ನಿನ್ನ ಮನಿ ಪ್ಲಾಂಟ್ ಹಳದಿಯಾಗಿ ಎಲೆ ಉದುರಿಸತೊಡಗಿತು. ಬಾಯಾರಿದೆ ಎಂದುಕೊಂಡು ಇನ್ನಷ್ಟು ನೀರು ಹಾಕಿದೆ. ಕೊನೆಗೆ ಕೆಳಗಿನ ಮನೆಯ ಜೋಯಾ ಪಾವ್ಲೊವ್ನಾಳನ್ನು ಕರೆದೆ. ಅವಳ ಕಿಟಕಿಯ ತುಂಬ ಹೂಕುಂಡಗಳಿವೆಯಲ್ಲ. ಬಂದವಳು ಬೆರಳನ್ನು ಮಣ್ಣಿಗೆ ತೂರಿಸಿ, ಮೂಸಿ, ಮುಖ ಸಿಂಡರಿಸಿದಳು.

"ದಿನಕ್ಕೆಷ್ಟು ಸಲ ನೀರು ಹಾಕ್ತೀಯ?"

"ಬೆಳಿಗ್ಗೆ ಒಂದ್ಸಲ."

"ಸ್ಪ್ರೇ ಹೊಡೆಯೋದು?"

"ಅದು ಪ್ರಾಣಿಗೆ."

"ಪ್ರಾಣಿಗೆ ಹೊಡೆದ ನೀರು ಆಕಾಶಕ್ಕೆ ಹೋಗತ್ತಾ? ಕುಂಡಕ್ಕೇ ಇಳಿಯತ್ತೆ. ನೀನು ಇದನ್ನ ಸಾಕ್ತಾ ಇಲ್ಲ ಬುರುಲ್, ಮುಳುಗಿಸ್ತಾ ಇದೀಯ."

ಕುಂಡ ಕವಿಚಿ ನೋಡಿದರೆ ಬೇರೆಲ್ಲ ಕೊಳೆತು ಕಂದಾಗಿತ್ತು. ತಳದಲ್ಲಿ ತೂತೇ ಇರಲಿಲ್ಲ. ಗಟ್ಟಿಯಾಗಿದ್ದ ಬಳ್ಳಿಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ ಲೋಟದ ನೀರಿನಲ್ಲಿ ನಿಲ್ಲಿಸಿದ್ದೇವೆ. ಹೊಸ ಕುಂಡಕ್ಕೆ ತೂತು ಕೊರೆಸಿದ್ದೇನೆ. ಮೇಲೆ ಹೊಳೆಯ ಕಲ್ಲು ಹರಡಿದ್ದೇನೆ, ಬೈಬಿಚೆಯ ಬಾಯಲ್ಲಿ ಹಿಡಿಯದಷ್ಟು ದೊಡ್ಡವು. ಮಿಡತೆ ಹಿಡಿಯುವಾಗ ಮಣ್ಣು ನುಂಗಬಾರದಲ್ಲ. ಇನ್ನು ಮುಂದೆ ಬೆರಳು ಹೇಳಿದಾಗ ಮಾತ್ರ ನೀರು.

ಬೈಬಿಚೆ ಚೆನ್ನಾಗಿದ್ದಾಳೆ. ನೀನು ಉಣ್ಣೆಯ ಕಾಲುಚೀಲ ಮರೆತು ಹೋಗಿದ್ದೆ, ಕಳಿಸಿದ್ದೇನೆ.

ನಿನ್ನ ಅಪಾ


ತೂ-ಬೆಲ್
ನವೆಂಬರ್ ೧೪

ಅಪಾ,

ಕಾಲುಚೀಲ ಹಾಕಿಕೊಂಡೇ ಬರೆಯುತ್ತಿದ್ದೇನೆ. ನಿಮ್ಮ ಕಾಗದದ ಕೊನೆಯ ಸಾಲನ್ನು, ಅಂದರೆ ಸಹಿಯನ್ನು, ಎರಡು ಮೂರು ಸಲ ಓದಿದೆ.

ಕುಂಡಕ್ಕೆ ತೂತಿಲ್ಲದ್ದು ನನ್ನ ತಪ್ಪು, ಅಂಗಡಿಯಿಂದ ತಂದ ಹಾಗೆಯೇ ಇಟ್ಟಿದ್ದೆ. ಈಗ ನಿಮ್ಮಲ್ಲಿ ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳು ಶುರುವಾಗಿರಬೇಕು. ಅವು ಕಾದರೆ ಮನೆಯ ಗಾಳಿಯೆಲ್ಲ ಒಣಗುತ್ತದೆ. ಪಂಜರವನ್ನು ಅವುಗಳಿಂದ ಒಂದು ಮಾರು ದೂರ ಸರಿಸಿ. ಎಲೆಯ ಅಡಿಯಲ್ಲಿ ಧೂಳಿನಂಥ ಚುಕ್ಕಿ, ತೆಳುವಾದ ಬಲೆ ಕಂಡರೆ ನುಸಿ ಬಂದಿದೆ ಎಂದು ಅರ್ಥ. ನಲ್ಲಿಯ ನೀರು ಗಡಸಾದ್ದರಿಂದ ಎಲೆಯ ಮೇಲೆ ಸುಣ್ಣದ ಬಿಳಿ ಕಲೆ ಕೂರುತ್ತದೆ. ಎಲೆಗೆ ಉಸಿರು ಕಟ್ಟುತ್ತದೆ. ಸೋಸಿದ ನೀರನ್ನೇ ಸ್ಪ್ರೇಗೆ ಹಾಕಿ, ಹಳೆಯ ಕಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಇಲ್ಲಿ ಕಣ್ಣಿಗೆ ಹಸಿರು ಎನ್ನುವುದೇ ಇಲ್ಲ. ಜೊತೆಗಿರುವ ಮುದುಕ ಮುಕಾಶ್ ಹಾಲಿನ ಪುಡಿಯ ಡಬ್ಬಿಯಲ್ಲಿ ಈರುಳ್ಳಿ ನೆಟ್ಟಿದ್ದಾರೆ. ಮೊಳಕೆ ಬಂದರೂ ಕೊಯ್ಯಲು ಬಿಡುವುದಿಲ್ಲ. "ಸೂಪಿಗೆ ಹಾಕೋಣ್ವಾ?" ಎಂದರೆ, "ಸೂಪ್ ದಿನಾ ಕುಡೀತೀವಮ್ಮ, ಇದನ್ನ ನೋಡೋಣ" ಎನ್ನುತ್ತಾರೆ.

ನಾನು ಇಲ್ಲಿ ಚೆನ್ನಾಗಿದ್ದೇನೆ. ಕೇಳುವವರಿಗೆಲ್ಲ ಹಾಗೆ ಹೇಳುತ್ತೇನೆ ಎಂದುಕೊಳ್ಳಬೇಡಿ, ನಿಜಕ್ಕೂ ಚೆನ್ನಾಗಿದ್ದೇನೆ. ಬೆಳಿಗ್ಗೆ ಎದ್ದು ಮೋಡ ನೋಡುವುದು, ಬರೆಯುವುದು. ಇಲ್ಲಿ ಯಾರೂ ನನ್ನನ್ನು "ಯಾಕೆ ಹೀಗಾಯ್ತು?" ಎಂದು ಕೇಳುವುದಿಲ್ಲ.

ಎಲೆ ಒರೆಸುವಾಗ ಬೈಬಿಚೆ ಬುಸುಗುಟ್ಟಿದರೆ ಹೆದರಬೇಡಿ, ಕಚ್ಚುವುದಿಲ್ಲ. ಬಹುಶಃ.

ಪ್ರೀತಿಯಿಂದ
ಜಿಪಾರ್


ಬಿಷ್ಕೆಕ್
ಡಿಸೆಂಬರ್ ೫

ಜಿಪಾರ್,

ಕಚ್ಚಿದಳು. ಜೋಯಾಗೆ ಹೇಳಬೇಡ, ನಾನು ಕಿರುಚಿಕೊಂಡೆ.

ನುಸಿ ಬಂದೇಬಿಟ್ಟಿತು. ನಿನ್ನ ಕಾಗದ ಬರುವ ಮೊದಲೇ ಫೈಕಸ್ ಗಿಡದ ಎಲೆಗಳ ಸಂದಿಯಲ್ಲಿ ಬಲೆ ಕಟ್ಟಿತ್ತು. ಪೇಟೆಯ ಹೂವಿನಂಗಡಿಯವಳು ಒಂದು ಸೀಸೆ ಔಷಧಿ ಮುಂದಿಟ್ಟಳು. "ಈ ಎಲೇನ ನಮ್ಮನೇಲಿ ಒಬ್ಬಳು ನೆಕ್ತಾಳಮ್ಮ" ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಸೀಸೆ ಒಳಗಿಟ್ಟಳು. ಗಿಡಗಳನ್ನೆಲ್ಲ ಬಚ್ಚಲಿಗೆ ಒಯ್ದು, ಮಣ್ಣಿಗೆ ಪ್ಲಾಸ್ಟಿಕ್ ಕಟ್ಟಿ, ಎಲೆಗಳ ಅಡಿಗೆ ಜೋರಾಗಿ ನೀರು ಬಿಟ್ಟು ತೊಳೆದೆ. ಕೆಲವು ದಿನ ಬಿಟ್ಟು ಮತ್ತೊಮ್ಮೆ ತೊಳೆದೆ. ಈಗ ಇಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ಚಾಲಕಿಯರಿಗೇ ವಾರದ ರಜೆ ಇರುವಾಗ ಗಿಡಗಳಿಗೆ ಯಾಕಿಲ್ಲ? ಆ ಪಂಜರದ ಕೆಲಸ ಸುಲಭದ್ದಲ್ಲ. ಮೇಲೆ ದೀಪದ ಬಿಸಿ, ಮೈಮೇಲೆ ಬೈಬಿಚೆಯ ಉಗುರು, ಚಿಗುರಿಗೆ ಮಿಡತೆಯ ಹಲ್ಲು. ಆದ್ದರಿಂದ ಎರಡು ಪಾಳಿ ಮಾಡಿದ್ದೇನೆ. ಒಂದು ಗುಂಪು ಒಳಗೆ ಕೆಲಸದಲ್ಲಿರುವಾಗ ಇನ್ನೊಂದು ಕಿಟಕಿಯಲ್ಲಿ ಸುಧಾರಿಸಿಕೊಳ್ಳುತ್ತದೆ. ಲೋಟದಲ್ಲಿಟ್ಟ ಬಳ್ಳಿಗಳು ಬೇರು ಬಿಟ್ಟು, ಅವೇ ಈಗ ಎರಡು ಕುಂಡವಾಗಿವೆ. ಮಿಡತೆಗಳನ್ನು ಪಂಜರದ ತುಂಬ ಬಿಡುವುದನ್ನೂ ನಿಲ್ಲಿಸಿದ್ದೇನೆ. ಆಳವಾದ ಬಟ್ಟಲಿನಲ್ಲಿ ಇಡುತ್ತೇನೆ, ಅವಳು ಮೇಲಿನಿಂದ ನಾಲಿಗೆ ಚಾಚಿ ಎತ್ತಿಕೊಳ್ಳುತ್ತಾಳೆ. ಚಿಗುರು ಉಳಿಯಿತು.

ನಾದಿನಿ ಕೈರ್ಕುಲ್ ಬಂದಿದ್ದಳು. ಕೋಣೆಯ ಬಾಗಿಲಲ್ಲಿ ನಿಂತು, "ಹೋದ ಸೊಸೆ ಹಲ್ಲೀನ ಇನ್ನೂ ಸಾಕ್ತಾ ಇದೀಯಾ?" ಅಂದಳು.

"ಹಲ್ಲಿ ಅಲ್ಲ, ಊಸರವಳ್ಳಿ" ಅಂದೆ.

"ಯಾವುದಾದ್ರೇನು, ಜನ ನಗ್ತಾರೆ."

"ನಗಲಿ. ಚಳಿಗಾಲದಲ್ಲಿ ನಗೋದಕ್ಕೆ ಬೇರೆ ಏನಿದೆ?"

ಹೋಗುವಾಗ ಒಂದು ಬಳ್ಳಿ ಕತ್ತರಿಸಿಕೊಂಡು ಹೋದಳು.

ಮೊನ್ನೆ ನೊವೊಸಿಬಿರ್ಸ್ಕ್‌ನಿಂದ ಮಗನ ಫೋನ್ ಬಂದಿತ್ತು. ಎಲ್ಲ ಕ್ಷೇಮ. ಇಲ್ಲಿ ಹಿಮ ಬೀಳುತ್ತಿದೆ.

ನಿನ್ನ ಅಪಾ


ತೂ-ಬೆಲ್
ಜನವರಿ ೨೬

ಅಪಾ,

ದಾರಿ ಮುಚ್ಚಿದೆ. ಕುಬಾತ್ ಬರುವ ಹಾಗಿಲ್ಲ, ಈ ಕಾಗದ ಯಾವಾಗ ಹೊರಡುತ್ತದೋ ತಿಳಿಯದು. ಆದರೂ ಬರೆಯದೆ ಇರಲಾರೆ.

ನಿನ್ನೆ ಊಟಕ್ಕೆ ಕೂತಾಗ ಮುಕಾಶ್ ತಮ್ಮ ಊರಿನ ಕೋಳಿಗಳ ಮಾತೆತ್ತಿದರು. ಕೇಳುತ್ತಿದ್ದ ನನ್ನ ಕೈಯ ರೊಟ್ಟಿ ಹಾಗೇ ನಿಂತಿತು. ನಿಮಗೆ ಹೇಳಲೇಬೇಕಾಗಿದ್ದ ಒಂದು ಮಾತನ್ನು ನಾನು ಹೇಳಿಲ್ಲ. ಬೈಬಿಚೆಗೆ ಈ ಚಳಿಗಾಲ ಒಂದು ವರ್ಷ ತುಂಬುತ್ತದೆ. ಗಂಡಿಲ್ಲದಿದ್ದರೂ ಕೋಳಿಯ ಹಾಗೆ ಅವಳಿಗೆ ಮೊಟ್ಟೆ ಬರುತ್ತದೆ. ಇಡಲು ಆಳವಾದ, ಹಸಿಯಾದ ಮಣ್ಣು ಬೇಕು. ಸಿಗದಿದ್ದರೆ ಮೊಟ್ಟೆ ಹೊಟ್ಟೆಯಲ್ಲೇ ಉಳಿದು ಅವಳು ಸಾಯುತ್ತಾಳೆ. ಪಂಜರದಲ್ಲಿರುವುದು ಗೇಣುದ್ದದ ಕುಂಡಗಳು, ಅವು ಸಾಲುವುದಿಲ್ಲ.

ರೇಡಿಯೋದಲ್ಲಿ ಕೆಳಗಿನ ಕಚೇರಿಯವರನ್ನು ಬೇಡಿಕೊಂಡೆ, ನಿಮಗೊಂದು ಫೋನ್ ಮಾಡಿ ತಿಳಿಸಿ ಎಂದು. "ಊಸರವಳ್ಳಿ ಬಸಿರಿನ ಸುದ್ದಿಗೆ ಈ ರೇಡಿಯೋ ಇಟ್ಟಿಲ್ಲಮ್ಮ" ಎಂದು ನಕ್ಕರು. ನಂಬಲೇ ಇಲ್ಲ ಎಂದು ಕಾಣುತ್ತದೆ.

ನಿಮಗೆ ತಿಳಿಯುವಷ್ಟರಲ್ಲಿ ಏನಾದರೂ ಆಗಿದ್ದರೆ ಅದಕ್ಕೆ ನೀವು ಕಾರಣರಲ್ಲ. ಇದನ್ನು ಹೇಳಲೆಂದೇ ಬರೆದೆ.

ಜಿಪಾರ್


ಬಿಷ್ಕೆಕ್
ಫೆಬ್ರವರಿ ೨೩

ಜಿಪಾರ್, ಮಗಳೇ,

ಕುಬಾತ್ ಬಂದಾಗ ಕೊಡಲು ಬರೆದಿಡುತ್ತಿದ್ದೇನೆ. ಮೊದಲಿಗೇ ಹೇಳಿಬಿಡುತ್ತೇನೆ, ಬೈಬಿಚೆ ಬದುಕಿದ್ದಾಳೆ. ಈಗ ಕೂತು ನಿಧಾನವಾಗಿ ಓದು.

ತಿಂಗಳ ಮೊದಲ ವಾರ ಅವಳು ತಿನ್ನುವುದನ್ನು ಬಿಟ್ಟಳು. ಕೊಂಬೆಯ ಮೇಲೆ ಕೂರಲೊಲ್ಲಳು. ಪಂಜರದ ನೆಲದಲ್ಲಿ ಅತ್ತಿಂದಿತ್ತ ಓಡಾಟ, ಜಾಲರಿಗೆ ಪರಚುವುದು. ಆಮೇಲೆ ಕುಂಡಗಳ ಮೇಲೆ ಬಿದ್ದಳು. ಕಲ್ಲುಗಳನ್ನು ಸರಿಸಿ, ಮಣ್ಣು ಕೆದರಿ, ಬಳ್ಳಿಗಳನ್ನು ಬೇರುಸಮೇತ ಎತ್ತಿ ಎಸೆದಳು. ಅಷ್ಟು ತಿಂಗಳ ನನ್ನ ಶ್ರಮ. ಚೆನ್ನಾಗಿ ಬೈದೆ. ಮತ್ತೆ ನೆಟ್ಟೆ, ಮತ್ತೆ ಕಿತ್ತಳು. ಅವಳ ಬಣ್ಣವೂ ಬದಲಾಗಿತ್ತು, ಕಡುಹಸಿರಿನ ಮೇಲೆ ಹಳದಿ, ನೀಲಿ ಚುಕ್ಕೆ.

ಜೋಯಾ ಬಂದು ನೋಡಿದಳು. "ಇದರ ಹೊಟ್ಟೆ ನೋಡು ಬುರುಲ್, ದ್ರಾಕ್ಷಿ ತುಂಬಿದ ಚೀಲದ ಹಾಗಿದೆ."

ಆಗ ನನಗೆ ಅರ್ಥವಾಯಿತು. ದಿನ ತುಂಬಿದವಳು ಜಾಗ ಹುಡುಕುತ್ತಿದ್ದಾಳೆ, ನಾನು ಗಿಡ ಕಿತ್ತಳೆಂದು ಬೈಯುತ್ತಿದ್ದೇನೆ. ನನ್ನ ಹೊಟ್ಟೆಯಲ್ಲಿ ನುರ್ದಿನ್ ಇದ್ದಾಗ ನಾನೂ ಹೀಗೇ ಮನೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿದ್ದೆನಂತೆ. ಒಬ್ಬ ಪಶುವೈದ್ಯನಿಗೆ ಫೋನ್ ಮಾಡಿದೆ. ಮೊಳಕೈ ಮುಳುಗುವಷ್ಟು ಆಳದ ಹಸಿ ಮಣ್ಣು ಬೇಕು, ಇವತ್ತೇ ಬೇಕು, ಅವಳು ತೋಡುವಾಗ ಯಾರೂ ಇಣುಕಬಾರದು ಎಂದ.

ಫೆಬ್ರವರಿಯಲ್ಲಿ ಮಣ್ಣು ಎಲ್ಲಿಂದ ತರಲಿ? ಅಂಗಳದ ನೆಲ ಕಬ್ಬಿಣದ ಹಾಗೆ ಹೆಪ್ಪುಗಟ್ಟಿದೆ. ಅಂಗಡಿಯ ಚೀಲದ ಮಣ್ಣಿಗೆ ಗೊಬ್ಬರ ಬೆರೆಸಿರುತ್ತಾರೆ. ಮನೆಯಲ್ಲಿ ಅಷ್ಟು ಆಳದ ಮಣ್ಣಿದ್ದದ್ದು ಒಂದೇ ಕಡೆ, ಊಟದ ಕೋಣೆಯ ನನ್ನ ದಾಸವಾಳದ ತೊಟ್ಟಿಯಲ್ಲಿ. ನಿನಗೆ ಗೊತ್ತಲ್ಲ, ನಾನು ಮೊದಲ ಸಲ ಟ್ರಾಲಿಬಸ್ ಓಡಿಸಿದ ವರ್ಷ ಡಿಪೋದ ಹೆಂಗಸರು ಕೊಟ್ಟದ್ದು. ಅವರಲ್ಲಿ ಅರ್ಧ ಜನ ಈಗಿಲ್ಲ. ಆ ಗಿಡ ನನ್ನ ಎತ್ತರ ಬೆಳೆದಿತ್ತು, ಮೊಗ್ಗೂ ಇತ್ತು.

"ಇನ್ನೊಂದು ದಾರಿ ಹುಡುಕೋಣ" ಎಂದಳು ಜೋಯಾ.

"ಹುಡುಕೋವರೆಗೆ ಅವಳು ಕಾಯ್ತಾಳಾ?" ಎಂದೆ.

ಇಬ್ಬರೂ ಸೇರಿ ಕಿತ್ತೆವು. ಬೇರನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬಚ್ಚಲಲ್ಲಿಟ್ಟೆವು. ಮಣ್ಣನ್ನು ಜರಡಿ ಹಿಡಿದು, ಬೇರಿನ ಚೂರು ತೆಗೆದು, ಹದವಾಗಿ ನೀರು ಚಿಮುಕಿಸಿ ಮತ್ತೆ ತೊಟ್ಟಿಗೆ ತುಂಬಿದೆವು. ಬೆರಳಿನಿಂದ ತೂತು ಮಾಡಿದರೆ ಕುಸಿಯಬಾರದು, ಅದೇ ಹದ. ಬೈಬಿಚೆಯನ್ನು ಅದರ ಮೇಲೆ ಬಿಟ್ಟು, ಸುತ್ತ ಹಳೆಯ ಪರದೆ ಕಟ್ಟಿ, ಮೇಲೆ ದೀಪ ತೂಗಿಸಿ, ನಾವಿಬ್ಬರೂ ಅಡುಗೆಮನೆಯಲ್ಲಿ ಕೂತೆವು. ಚಹಾ ಮಾಡಿದೆವು, ಕುಡಿಯಲಿಲ್ಲ.

ಆ ಹೊತ್ತಿನಲ್ಲೇ ನುರ್ದಿನ್‌ನ ಫೋನ್ ಬಂತು. ಜೂನ್‌ನಲ್ಲಿ ಹೆಂಡತಿಯನ್ನು ಕರೆದುಕೊಂಡು ಬರುತ್ತೇನೆ, ಬೇಸಿಗೆ ಪೂರ್ತಿ ಇರುತ್ತೇವೆ, ಕೋಣೆ ಖಾಲಿ ಮಾಡಿಸು ಎಂದು ಶುರು ಮಾಡಿದ. ಹೌದು, ಅವನು ಜನವರಿಯಲ್ಲಿ ಮದುವೆಯಾದ. ನಿನಗೆ ಹೇಗೆ ಹೇಳಲಿ ಎಂದು ತಿಳಿಯದೆ ಇಷ್ಟು ದಿನ ಬರೆಯಲಿಲ್ಲ. ನಾನು ಅವನಿಗೆ, "ಈಗ ಮಾತಾಡಕ್ಕೆ ಆಗಲ್ಲ ಕಣೋ, ಮನೇಲಿ ಹೆರಿಗೆ ಆಗ್ತಾ ಇದೆ" ಎಂದೆ.

ಆ ಕಡೆ ಟಿವಿ ಆರಿಸಿದ ಸದ್ದು ಕೇಳಿತು. ಆಮೇಲೆ ಮೆಲ್ಲಗೆ, "ಯಾರದು?" ಎಂದ.

"ಬೈಬಿಚೇದು" ಎಂದು ಫೋನಿಟ್ಟೆ. ಜೋಯಾ ನಕ್ಕೂ ನಕ್ಕೂ ಕೆಮ್ಮತೊಡಗಿದಳು.

ಸಂಜೆಗೆ ಬಿಲದ ಬಾಯಿ ಮುಚ್ಚಿ, ಮೈಯೆಲ್ಲ ಮಣ್ಣು ಮಾಡಿಕೊಂಡು ಅವಳು ಮೇಲೆ ಕೂತಿದ್ದಳು. ಹೊಟ್ಟೆ ಒಳಗೆ ಅಂಟಿಹೋಗಿತ್ತು. ಎತ್ತಿ ಪಂಜರಕ್ಕೆ ತಂದು, ಕಿಟಕಿಯಲ್ಲಿ ರಜೆಯಲ್ಲಿದ್ದ ಬಳ್ಳಿಯ ಕುಂಡವನ್ನು ಮುಂದಿಟ್ಟು ತುಂತುರು ಹೊಡೆದೆ. ಒಂದು ಎಲೆಯಿಂದ ಇನ್ನೊಂದಕ್ಕೆ ನೆಕ್ಕುತ್ತಾ ಎಷ್ಟು ಹೊತ್ತು ಕುಡಿದಳೆಂದರೆ ನನ್ನ ಕೈ ನೋಯಿತು. ಆ ಎಲೆಗಳು ಇರದಿದ್ದರೆ ಏನು ಮಾಡುತ್ತಿದ್ದೆನೋ. ತೊಟ್ಟಿಯಿಂದ ಅಗೆದು ತೆಗೆದಾಗ ಮೊಟ್ಟೆ ಒಂದು ಬೊಗಸೆಯಷ್ಟಿತ್ತು.

ದಾಸವಾಳವನ್ನು ತಿರುಗಿ ನೆಟ್ಟಿದ್ದೇನೆ. ಎಲೆ ಪೂರ್ತಿ ಉದುರಿದೆ. ಮೊಣಕಾಲೆತ್ತರಕ್ಕೆ ಕತ್ತರಿಸಿದೆ. ಜೋಯಾ ಮುಖ ನೋಡಿದರೆ ಆಸೆ ಇದ್ದ ಹಾಗಿಲ್ಲ. ಇರಲಿ.

ನೀನು ಹೊಟ್ಟೆತುಂಬ ಉಣ್ಣು.

ನಿನ್ನ ಅಪಾ


ತೂ-ಬೆಲ್
ಏಪ್ರಿಲ್ ೧೧

ಅಪಾ,

ಕುಬಾತ್ ಬಂದಾಗ ನಾನು ಲಾರಿಯ ಬಳಿ ಓಡಿದೆ. ಅವನು ಕಾಗದ ಕೊಡುವ ಮೊದಲೇ, "ಹೆರಿಗೆ ಸುಸೂತ್ರ ಆಯ್ತಂತೆ" ಎಂದ. ಅಲ್ಲೇ ಹಿಮದಲ್ಲಿ ನಿಂತು ಕಾಗದ ಬಿಚ್ಚಿದೆ. ಆಮೇಲೆ ನಿಮ್ಮ ಕಾಗದವನ್ನು ಮುಕಾಶ್‌ಗೆ ಜೋರಾಗಿ ಓದಿದೆ. ಫೋನಿನ ಭಾಗವನ್ನು ಎರಡನೆಯ ಸಲ ಓದಿಸಿದರು. ದಾಸವಾಳದ ಭಾಗ ಬಂದಾಗ ಎದ್ದು ಹೋಗಿ ತಮ್ಮ ಈರುಳ್ಳಿಗೆ ನೀರು ಹಾಕಿ ಬಂದರು.

ನುರ್ದಿನ್ ಮದುವೆಯ ವಿಷಯ. ಓದಿದಾಗ ಏನೂ ಆಗಲಿಲ್ಲ ಎಂದರೆ ಸುಳ್ಳು. ಆ ದಿನದ ಲೆಕ್ಕವನ್ನು ಮುಕಾಶ್ ಬರೆದರು. ಮರುದಿನ ಮೋಡ ನೋಡುವುದಿತ್ತು, ನೋಡಿದೆ. ಅವನು ಆರೋಗ್ಯವಾಗಿದ್ದಾನೆಯೇ? ಅವಳು ಹೇಗಿದ್ದಾಳೆ? ಒಳ್ಳೆಯವಳಾಗಿರಲಿ.

ಇನ್ನೊಂದು ಸುದ್ದಿ. ಜೂನ್‌ನಿಂದ ನನ್ನನ್ನು ಕೆಳಗೆ ನರಿನ್ ಪಟ್ಟಣಕ್ಕೆ ಹಾಕುತ್ತಾರೆ. ಎರಡು ಕೋಣೆಯ ಮನೆ ಕೊಡುತ್ತಾರೆ, ಕಿಟಕಿ ದಕ್ಷಿಣಕ್ಕಿದೆಯಂತೆ. ನಿಮಗೆ ಹೇಗೂ ಆ ಕೋಣೆ ಬೇಕು. ಅವರು ಬರುವ ಮೊದಲೇ ನಾನು ಬಂದು ಬೈಬಿಚೆಯನ್ನೂ ಗಿಡಗಳನ್ನೂ ಒಯ್ಯುತ್ತೇನೆ. ನನ್ನಿಂದ ನಿಮ್ಮ ಮನೆಯಲ್ಲಿ ಯಾರಿಗೂ ಇರುಸುಮುರುಸಾಗಬಾರದು.

ಇದಕ್ಕಿಂತ ಹೆಚ್ಚು ಬರೆಯಲು ಕೂತಿದ್ದೆ. ಆಗುತ್ತಿಲ್ಲ.

ನಿಮ್ಮ
ಜಿಪಾರ್


ಬಿಷ್ಕೆಕ್
ಮೇ ೧೬

ಜಿಪಾರ್, ಮಗಳೇ,

ನುರ್ದಿನ್ ಆರೋಗ್ಯವಾಗಿದ್ದಾನೆ. ಅವಳ ಹೆಸರು ಗುಲ್ಸಿನಾ. ಫೋನಿನಲ್ಲಿ ಮಾತಾಡಿದ್ದೇನೆ, ಮೆದು ದನಿ, ನನಗೆ ಹೆದರುತ್ತಾಳೆ. ನೀನೂ ಮೊದಲ ವರ್ಷ ಹೆದರುತ್ತಿದ್ದೆ. ಒಳ್ಳೆಯವಳೇ ಇರಬೇಕು. ಅವರು ಜೂನ್ ಹತ್ತಕ್ಕೆ ಬರುತ್ತಾರೆ.

ಪಂಜರ, ಗಿಡ ಎಲ್ಲ ಒಯ್ಯುತ್ತೇನೆ ಎಂದು ಬರೆದಿದ್ದೀಯ. ಹೇಗೆ ಒಯ್ಯುತ್ತೀಯ ಎಂದು ಯೋಚಿಸಿದ್ದೀಯಾ? ಗಿಡ ಎಂದರೆ ಪೆಟ್ಟಿಗೆಯಲ್ಲ. ಜಾಗ ಬದಲಾದರೆ ಎಲೆ ಉದುರಿಸುತ್ತದೆ. ನರಿನ್‌ನ ನೀರು ಬೇರೆ, ಬೆಳಕು ಬೇರೆ. ಯಾವ ಕುಂಡಕ್ಕೆ ಯಾವ ಪಾಳಿ, ಯಾವುದು ಕಿಟಕಿಯ ಬಿಸಿಲು ತಡೆಯುತ್ತದೆ, ಯಾವುದು ತಡೆಯುವುದಿಲ್ಲ, ಇದೆಲ್ಲ ನಿನಗೆ ಗೊತ್ತಿಲ್ಲ. ನೀನು ತೂತಿಲ್ಲದ ಕುಂಡದಲ್ಲಿ ಗಿಡ ಇಟ್ಟವಳು. ಜೊತೆಗೆ ಬೈಬಿಚೆ ಇನ್ನು ಕೆಲವು ತಿಂಗಳಲ್ಲಿ ಮತ್ತೆ ಮೊಟ್ಟೆಗೆ ಬರಬಹುದಂತೆ. ಆಗ ನೀನು ಮೋಡ ನೋಡುತ್ತಾ ನಿಂತಿರುತ್ತೀಯ.

ಆದ್ದರಿಂದ ಹೀಗೆ ಮಾಡಿದ್ದೇನೆ. ಇನ್ನೊಂದು ಬೀಗದ ಕೈಯನ್ನು ಜೋಯಾ ಹತ್ತಿರ ಬಿಡುತ್ತೇನೆ. ನುರ್ದಿನ್‌ಗೆ ಹೇಳಿದೆ: "ಬೇಸಿಗೆ ಪೂರ್ತಿ ಮನೆ ನಿಮ್ಮದೇ, ಆರಾಮಾಗಿ ಇರಿ. ಒಂದು ವಾರ ನಿಮ್ಮ ಜೊತೆ ಇದ್ದು, ಗುಲ್ಸಿನಾಗೆ ಅಡುಗೆಮನೆ ತೋರಿಸಿ, ನಾನು ನರಿನ್‌ಗೆ ಹೋಗ್ತೀನಿ."

"ನರಿನ್‌ನಲ್ಲಿ ನಿನಗ್ಯಾರಿದಾರಮ್ಮ?" ಎಂದ.

"ಮಗಳಿದಾಳೆ" ಎಂದೆ.

ಹೇಗೆ ಹೋಗುತ್ತೀಯ ಎಂದು ಕೇಳಿದ. ಆಮೇಲೆ, "ಅಲ್ಲಿ ಚಳಿ ಜಾಸ್ತಿ, ಬೆಚ್ಚಗಿನ ಕೋಟು ತಗೊಂಡು ಹೋಗು" ಎಂದ. ಅವನಿಂದ ಅಷ್ಟು ಸಾಕು. ಕೈರ್ಕುಲ್ ಮಾತ್ರ ಇನ್ನೂ ಸಿಟ್ಟಿನಲ್ಲಿದ್ದಾಳೆ. ಅವಳ ಬಳ್ಳಿ ಹಳದಿಯಾಗಿದೆ, ದಿನಕ್ಕೊಮ್ಮೆ ಫೋನ್ ಮಾಡಿ ಸಿಟ್ಟಿನಲ್ಲೇ ಉಪಾಯ ಕೇಳುತ್ತಾಳೆ.

ದಾಸವಾಳದ ಬುಡದಲ್ಲಿ ಎರಡು ಕಡೆ ಹಸಿರು ಕಂಡಿದೆ. ಅದನ್ನು ಜೋಯಾ ನೋಡಿಕೊಳ್ಳುತ್ತಾಳೆ, ಈ ವರ್ಷ ಅದು ಪ್ರಯಾಣ ಮಾಡಬಾರದು.

ನೀನು ಬರುವುದು ಬೇಡ, ಕೆಲಸ ಬಿಟ್ಟು ಎರಡು ದಿನ ದಾರಿಯಲ್ಲಿ ಯಾಕೆ ಅಲೆಯುತ್ತೀಯ. ನಿನ್ನೆ ಕುಬಾತ್‌ನನ್ನು ಕೇಳಿದೆ, ಜೂನ್‌ನಲ್ಲಿ ನಿನ್ನ ಲಾರಿಯಲ್ಲಿ ಒಂದು ಪಂಜರ, ಒಂದಿಷ್ಟು ಕುಂಡ, ಒಬ್ಬ ಮುದುಕಿಗೆ ಜಾಗ ಇದೆಯಾ ಎಂದು. ಅವನು ಕುಂಡಗಳನ್ನೆಲ್ಲ ನೋಡಿ ತಲೆ ಕೆರೆದುಕೊಂಡ.

"ಅಪಾ, ಆ ರಸ್ತೇಲಿ ಕುಂಡ ಒಡೆದ್ರೆ ನನ್ನ ಬೈಬೇಡಿ."

"ಮುದುಕಿ ಒಡೆದ್ರೆ?"

"ನೀವು ಒಡೆಯೋರಲ್ಲ, ಒಡೆಸೋರು" ಎಂದ, ಉಳಿದ ಬೊರ್ಸೊಕ್ ಜೇಬಿಗೆ ಹಾಕಿಕೊಂಡ.

ಗಿಡಗಳು ಹೊಸ ಜಾಗಕ್ಕೆ ಹೊಂದಿಕೊಳ್ಳುವವರೆಗೆ ಇರುತ್ತೇನೆ. ಹೊಂದಿಕೊಂಡವೋ ಇಲ್ಲವೋ ಎಂದು ಹೇಳುವವಳು ನಾನು, ನೀನಲ್ಲ. ನನಗೆ ಕಿಟಕಿಯ ಪಕ್ಕದ ಮಂಚ ಬೇಕು.

ನಿನ್ನ ಅಪಾ